ಇಮ್ಯಾಕ್ಸ್: ಫಂಕ್ಷನ್ ಒಳಗೇ ರಿಕ್ವೈರ್ ಬರೆದುಕೊಂಡರೆ ತೊಂದರೆ ಏನಾದರೂ ಇದೆಯಾ?

ನುಡಿಕೂಲಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೋಗ್ರಾಮರ್ ಅಲ್ಲ, ಅನುವಾದದ ಕೆಲಸ ಮಾಡುವವಳು. ಆರು ವರ್ಷದಿಂದ ಬರವಣಿಗೆ ಎಲ್ಲಾ ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ನಲ್ಲೇ. ಕರಡನ್ನು ಅದರ ಆರ್ಗ್ ಮೋಡ್‌ನಲ್ಲಿ (ಟಿಪ್ಪಣಿ, ಕರಡು ಬರೆಯುವ ಸೌಲಭ್ಯ) ಬರೆದು, ಕೊನೆಗೆ ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದ ಮೂಲಕ ಪಿಡಿಎಫ್ ತೆಗೆದು ಪ್ರಕಾಶಕರಿಗೆ ಕಳಿಸುತ್ತೇನೆ.

ನನ್ನ ಇನಿಟ್ ಫೈಲಿನ (ಇಮ್ಯಾಕ್ಸ್ ತೆರೆದಾಗ ಮೊದಲು ಓದುವ ಸೆಟ್ಟಿಂಗ್ ಫೈಲ್) ತಲೆಯಲ್ಲೇ ಸುಮಾರು ಮೂವತ್ತು ರಿಕ್ವೈರ್ ಸಾಲುಗಳು, ಅಂದರೆ ಇಂಥ ಲೈಬ್ರರಿ ಲೋಡ್ ಮಾಡು ಅನ್ನುವ ಸಾಲುಗಳು, ಕೂತಿದ್ದವು. ಎಲ್ಲೆಲ್ಲೋ ಓದಿದಾಗ ಸೇರಿಸಿಕೊಂಡಿದ್ದು, ಯಾವುದು ಯಾತಕ್ಕೆ ಅನ್ನೋದು ಈಗ ನನಗೂ ನೆನಪಿಲ್ಲ. ಇಮ್ಯಾಕ್ಸ್ ತೆರೆಯೋಕೆ ಏಳು ಸೆಕೆಂಡ್ ಹಿಡಿಯುತ್ತಿತ್ತು. ಹೋದ ವಾರ ಕೂತು, ಯಾವ ಲೈಬ್ರರಿ ಯಾವ ಫಂಕ್ಷನ್‌ಗೆ ಬೇಕೋ ಆ ಫಂಕ್ಷನ್ ಒಳಗೇ ಅದರ ರಿಕ್ವೈರ್ ಸಾಲನ್ನು ಹಾಕಿದೆ. ಈಗ ಮೂರು ಸೆಕೆಂಡಿಗೆ ತೆರೆಯುತ್ತೆ. ಖುಷಿಯಾಯ್ತು.

ಆದರೆ ಅಲ್ಲಿಂದಲೇ ಒಂದು ವಿಚಿತ್ರ ಶುರುವಾಗಿದೆ. ಪಿಡಿಎಫ್ ತೆಗೆಯೋ ಫಂಕ್ಷನ್ ಇದು. ಇದರಲ್ಲಿರುವ ಆಕ್ಸ್-ಲೇಟೆಕ್ ಅಂದರೆ ಆರ್ಗ್ ಫೈಲನ್ನು ಲೇಟೆಕ್ ಆಗಿ ಬದಲಿಸುವ ಲೈಬ್ರರಿ. ಓದಿಕೊಳ್ಳಲು ಸುಲಭವಾಗಲಿ ಅಂತ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ:

(ಡಿಫನ್ ಕನ್ನಡ-ಪಿಡಿಎಫ್ ()
  (ಇಂಟರ್‌ಆಕ್ಟಿವ್)
  (ಲೆಟ್ ((ಆರ್ಗ್-ಲೇಟೆಕ್-ಕಂಪೈಲರ್ "ಝೀಲೇಟೆಕ್"))
    (ರಿಕ್ವೈರ್ 'ಆಕ್ಸ್-ಲೇಟೆಕ್)
    (ಆರ್ಗ್-ಲೇಟೆಕ್-ಎಕ್ಸ್‌ಪೋರ್ಟ್-ಟು-ಪಿಡಿಎಫ್)))

ಮನೆಯ ಲ್ಯಾಪ್‌ಟಾಪಿನಲ್ಲಿ ಇದು ಸರಿಯಾಗಿ ಓಡುತ್ತೆ. ಇದೇ ಫೈಲನ್ನು ಕೆಲಸದ ಜಾಗದ ಡೆಸ್ಕ್‌ಟಾಪಿಗೆ ಒಯ್ದರೆ ಪಿಡಿಎಫ್ ಬರೋಲ್ಲ. ಲಾಗ್ ತೆರೆದು ನೋಡಿದರೆ "ಯೂನಿಕೋಡ್ ಕ್ಯಾರೆಕ್ಟರ್ ಕ, ಯು+0ಸಿ95, ನಾಟ್ ಸೆಟ್ ಅಪ್" ಅಂತ ದೂರು. ಅಂದರೆ ಕನ್ನಡ ಅಕ್ಷರ ಬಲ್ಲ ಝೀಲೇಟೆಕ್ ಬದಲು ಅದು ಬರದ ಪಿಡಿಎಫ್‌ಲೇಟೆಕ್ ಓಡಿದೆ (ಎರಡೂ ಲೇಟೆಕ್‌ನಿಂದ ಪಿಡಿಎಫ್ ಮಾಡುವ ಪ್ರೋಗ್ರಾಮ್‌ಗಳು). ಫೈಲ್ ಒಂದೇ, ಇಮ್ಯಾಕ್ಸ್ ಆವೃತ್ತಿ ಎರಡೂ ಕಡೆ ಒಂದೇ.

ಹೀಗೆ ಫಂಕ್ಷನ್ ಒಳಗೆ ರಿಕ್ವೈರ್ ಬರೆಯೋದೇ ತಪ್ಪಾ? ಅಥವಾ ನಾನು ಬೇರೆ ಏನೋ ಎಡವಟ್ಟು ಮಾಡಿಕೊಂಡಿದ್ದೀನಾ?

ಹಳೇ ಕೀಲಿ

ನುಡಿಕೂಲಿಯವರೇ, ತಪ್ಪಲ್ಲ. ಇಮ್ಯಾಕ್ಸ್ ಜೊತೆಗೇ ಬರುವ ಲೈಬ್ರರಿಗಳ ಮೂಲ ತೆರೆದು ನೋಡಿದರೆ ಫಂಕ್ಷನ್ ಒಳಗೆ ರಿಕ್ವೈರ್ ಬರೆದಿರುವುದು ಬೇಕಾದಷ್ಟು ಸಿಗುತ್ತೆ.

ಮೊದಲು ರಿಕ್ವೈರ್ ಮಾಡುವ ಕೆಲಸ ಏನು ಅನ್ನೋದನ್ನು ನೋಡೋಣ. ಇಮ್ಯಾಕ್ಸ್ ಹತ್ತಿರ 'ಫೀಚರ್ಸ್' ಅಂತ ಒಂದು ಪಟ್ಟಿ ಇರುತ್ತೆ. ಒಂದು ಲೈಬ್ರರಿ ಲೋಡ್ ಆಗಿ ಮುಗಿದಾಗ, ಫೈಲಿನ ಕೊನೆಯಲ್ಲಿರುವ ಪ್ರೊವೈಡ್ ಸಾಲು ಅದರ ಹೆಸರನ್ನು ಆ ಪಟ್ಟಿಗೆ ಸೇರಿಸುತ್ತೆ. ರಿಕ್ವೈರ್ ಬಂದಾಗ ಇಮ್ಯಾಕ್ಸ್ ಆ ಪಟ್ಟಿ ನೋಡುತ್ತೆ. ಹೆಸರು ಇದ್ದರೆ ಸುಮ್ಮನೆ ಮುಂದಕ್ಕೆ ಹೋಗುತ್ತೆ. ಇಲ್ಲದಿದ್ದರೆ ಲೋಡ್-ಪಾತ್ ಫೋಲ್ಡರುಗಳಲ್ಲಿ ಹುಡುಕಿ ಲೋಡ್ ಮಾಡುತ್ತೆ. ಹಾಗಾಗಿ ಫಂಕ್ಷನ್ ಪ್ರತಿ ಸಲ ಓಡಿದಾಗಲೂ ಲೈಬ್ರರಿ ಮತ್ತೆ ಮತ್ತೆ ಲೋಡ್ ಆಗುತ್ತೆ ಅನ್ನೋ ಭಯ ಬೇಡ. ಲೋಡ್ ಆಗಿರುವ ಲೈಬ್ರರಿಗೆ ಒಂದು ಲಕ್ಷ ಸಲ ರಿಕ್ವೈರ್ ಕರೆದು ಬೆಂಚ್‌ಮಾರ್ಕ್-ರನ್ ಹಾಕಿ ನೋಡಿದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಒಂದು ಸೆಕೆಂಡ್ ಮುಟ್ಟಲಿಲ್ಲ.

ನಿಮ್ಮ ಪಿಡಿಎಫ್ ತೊಂದರೆ ಬೇರೆ ಕಡೆಯಿಂದ ಬಂದಿದೆ. ಮೂಲ ಗೊತ್ತಾಗಿದೆ ಅನ್ನಿಸುತ್ತಿದೆ, ಆದರೆ ಒಂದು ಮಾತು ಕೇಳಿಕೊಳ್ಳಬೇಕು. ಎರಡೂ ಯಂತ್ರಗಳಲ್ಲಿ ಈ ಫೈಲನ್ನು ಬೈಟ್ ಕಂಪೈಲ್ (ಬೇಗ ಓಡುವ ರೂಪಕ್ಕೆ ಮೊದಲೇ ಬದಲಿಸುವುದು) ಮಾಡಿದ್ದೀರಾ? ಮಾಡಿದ್ದರೆ ಹೇಗೆ?

ಬೆಳವಲದವ

ಅಕ್ಕಾರ, ಮೊದ್ಲ ಆ ಮೂವತ್ತರ ಪಟ್ಟಿ ಇಲ್ಲಿ ಹಾಕ್ರಿ. ನನ್ನ ಅನುಭವದಾಗ ಅದರಾಗ ಇಪ್ಪತ್ತು ಬ್ಯಾಡೇ ಬ್ಯಾಡ ಇರ್ತಾವ. ಫಂಕ್ಷನ್ ಒಳಗೂ ಬ್ಯಾಡ, ಹೊರಗೂ ಬ್ಯಾಡ.

ನುಡಿಕೂಲಿ

@ಹಳೇ ಕೀಲಿ: ಹೌದು ಸರ್. ಮನೆಯಲ್ಲಿ ಡೈರೆಡ್ (ಇಮ್ಯಾಕ್ಸ್ ಒಳಗಿನ ಫೈಲ್ ಪಟ್ಟಿ) ತೆರೆದು ಫೈಲಿನ ಮೇಲೆ ದೊಡ್ಡ ಬಿ ಒತ್ತಿ ಕಂಪೈಲ್ ಮಾಡಿದ್ದೆ. ಕೆಲಸದ ಕಡೆ ಸಹೋದ್ಯೋಗಿಯೊಬ್ಬರು ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟಿದ್ದಾರೆ, ಅದು ಟರ್ಮಿನಲ್‌ನಿಂದ ಬ್ಯಾಚ್‌ನಲ್ಲಿ, ಅಂದರೆ ಇಮ್ಯಾಕ್ಸ್ ಕಿಟಕಿ ತೆರೆಯದೆ, ಕಂಪೈಲ್ ಮಾಡುತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

@ಬೆಳವಲದವ: ಪೂರ್ತಿ ಹಾಕಿದರೆ ಉದ್ದ ಆಗುತ್ತೆ. ದೊಡ್ಡವು ಇವು: ಆರ್ಗ್, ಆಕ್ಸ್-ಲೇಟೆಕ್, ಆರ್ಗ್-ಅಜೆಂಡಾ, ಡೈರೆಡ್, ಡೈರೆಡ್-ಎಕ್ಸ್, ಮ್ಯಾಜಿಟ್, ಫ್ಲೈಸ್ಪೆಲ್, ಕ್ವೇಲ್, ಸಿಎಲ್-ಲಿಬ್.

ಬೆಳವಲದವ

ಆರ್ಗ್ ತಗೀರಿ. ಆರ್ಗ್ ಫೈಲ್ ತೆರದ ಕೂಡ್ಲೆ ಅದು ತಾನ ಲೋಡ್ ಆಗ್ತೈತಿ. ಅಜೆಂಡಾನೂ ಅಷ್ಟ, ಕಮಾಂಡ್ ಕೊಟ್ಟಾಗ ಬರ್ತೈತಿ. ಮ್ಯಾಜಿಟ್-ಸ್ಟೇಟಸ್, ಫ್ಲೈಸ್ಪೆಲ್-ಮೋಡ್ ಇವೆಲ್ಲಾ ಆಟೋಲೋಡ್ ಆದವು. ಪ್ಯಾಕೇಜ್ ಬರ್ದವ್ರು ಫಂಕ್ಷನ್ ಮ್ಯಾಲ ಮೂರು ಅರ್ಧವಿರಾಮ, ಮೂರು ಹ್ಯಾಶ್ ಹಾಕಿ ಆಟೋಲೋಡ್ ಅಂತ ಒಂದು ಗುರ್ತು ಬರ್ದಿರ್ತಾರ. ಪ್ಯಾಕೇಜ್ ಇನ್‌ಸ್ಟಾಲ್ ಆಗೋ ಹೊತ್ತಿನಾಗ ಆ ಗುರ್ತು ಇದ್ದವನ್ನೆಲ್ಲಾ ಒಟ್ಟುಗೂಡಿಸಿ ಬ್ಯಾರೆ ಒಂದು ಸಣ್ಣ ಫೈಲ್ ಆಗ್ತೈತಿ. ಇಮ್ಯಾಕ್ಸ್ ಶುರುವಾದಾಗ ಆ ಸಣ್ಣದಷ್ಟ ಓದ್ತೈತಿ. "ಈ ಹೆಸರಿನ ಕಮಾಂಡ್ ಕೇಳಿದ್ರ ಆ ಫೈಲ್ ತೆರಿ" ಅಂತ ಅದ್ರಾಗ ಬರ್ದಿರ್ತೈತಿ, ಅಷ್ಟ.

ಅಂದ್ರ ನೀವು ಕೈಯಾರೆ ಮಾಡಾಕ ಹೊಂಟಿದ್ದನ್ನ ಪ್ಯಾಕೇಜ್ ಬರ್ದವ್ರು ಆಗ್ಲೇ ಮಾಡಿಟ್ಟಾರ. ನೀವು ಇನಿಟ್ ಫೈಲಿನಾಗ ರಿಕ್ವೈರ್ ಬರ್ದು ಅದನ್ನ ಕೆಡಿಸಿದ್ರಿ.

ಕಡಲಮಗ್ಗುಲು

ನಾನು ನಿಯೋವಿಮ್ ಎಂಬ ಇನ್ನೊಂದು ಎಡಿಟರ್ ಬಳಸುವವ. ಆದರೂ ಈ ವಿಷಯ ನೋಡಿ ಬರೆಯಬೇಕು ಅನ್ನಿಸಿತು. ನಮ್ಮಲ್ಲಿ 2021ರ 0.5 ಆವೃತ್ತಿಯಿಂದ ಲುವಾ ಭಾಷೆಯಲ್ಲೇ ಕಾನ್ಫಿಗ್ ಬರೆಯಲಿಕ್ಕೆ ಆಗ್ತದೆ. ಅಲ್ಲಿ ಫಂಕ್ಷನ್ ಒಳಗೆ ರಿಕ್ವೈರ್ ಬರೆಯುವುದು ದಿನನಿತ್ಯದ ರೂಢಿ. ಒಂದು ಕೀಗೆ ಟೆಲಿಸ್ಕೋಪ್ ಎಂಬ ಹುಡುಕುವ ಪ್ಲಗಿನ್‌ನ ಫಂಕ್ಷನ್ ಕಟ್ಟುವಾಗ ನೇರ ರಿಕ್ವೈರ್ ಬರೆದು ಕೊಟ್ಟರೆ ಆ ಕ್ಷಣವೇ ಲೋಡ್ ಆಗ್ತದೆ. ಅದನ್ನೇ ಒಂದು ಹೆಸರಿಲ್ಲದ ಫಂಕ್ಷನ್‌ನಲ್ಲಿ ಸುತ್ತಿಕೊಟ್ಟರೆ ಕೀ ಒತ್ತುವವರೆಗೆ ಲೋಡ್ ಆಗುವುದಿಲ್ಲ. ಒಮ್ಮೆ ಲೋಡ್ ಆದದ್ದು ಪ್ಯಾಕೇಜ್.ಲೋಡೆಡ್ ಎಂಬ ಟೇಬಲ್‌ನಲ್ಲಿ ಉಳಿಯುತ್ತದೆ, ಮುಂದೆ ಖರ್ಚಿಲ್ಲ. ಇದರಿಂದ ನಮಗೆ ಯಾವ ತೊಂದರೆಯೂ ಆದದ್ದಿಲ್ಲ ಮಾರಾಯ್ರೇ. ಇಮ್ಯಾಕ್ಸ್‌ನಲ್ಲಿ ಮಾತ್ರ ಯಾಕೆ ಹೀಗೆ?

ಹಳೇ ಕೀಲಿ

@ಕಡಲಮಗ್ಗುಲು, ಒಳ್ಳೆಯ ಪ್ರಶ್ನೆ. ಉತ್ತರದಲ್ಲೇ ನುಡಿಕೂಲಿಯವರ ಸಮಸ್ಯೆಯೂ ಸಿಕ್ಕಿಬೀಳುತ್ತೆ.

ಲುವಾದಲ್ಲಿ ರಿಕ್ವೈರ್ ಒಂದು ವಸ್ತುವನ್ನು ನಿಮ್ಮ ಕೈಗೆ ಕೊಡುತ್ತೆ. ಅದರಿಂದ ಬೇಕಾದ ಫಂಕ್ಷನ್ ತೆಗೆದು ನೀವು ಕರೆಯುತ್ತೀರಿ. ಇಮ್ಯಾಕ್ಸ್ ಲಿಸ್ಪ್‌ನಲ್ಲಿ ರಿಕ್ವೈರ್ ಹಿಂದಿರುಗಿಸುವುದು ಬರೀ ಲೈಬ್ರರಿಯ ಹೆಸರು. ಲೈಬ್ರರಿಯೊಳಗಿನ ಫಂಕ್ಷನ್, ವೇರಿಯಬಲ್, ಮ್ಯಾಕ್ರೋ (ಓಡುವ ಮೊದಲು ಬೇರೆ ಕೋಡ್ ಆಗಿ ಬಿಚ್ಚಿಕೊಳ್ಳುವ ತುಣುಕು) ಎಲ್ಲವೂ ಎಲ್ಲರಿಗೂ ಸೇರಿದ ಒಂದೇ ಅಂಗಳಕ್ಕೆ ಬಂದು ಬೀಳುತ್ತವೆ. ಆ ಹೆಸರುಗಳಲ್ಲಿ ಯಾವುದು ಯಾವ ಬಗೆಯದು ಅನ್ನೋದು ಕಂಪೈಲರ್‌ಗೆ ಮೊದಲೇ ಗೊತ್ತಿರಬೇಕು. ಫೈಲಿನ ಮೇಲ್ಮಟ್ಟದಲ್ಲಿ ಬರೆದ ರಿಕ್ವೈರನ್ನು ಬೈಟ್ ಕಂಪೈಲರ್ ಕಂಪೈಲ್ ಮಾಡುವಾಗಲೇ ಓಡಿಸಿ ಲೈಬ್ರರಿಯ ಗುರುತು ಮಾಡಿಕೊಳ್ಳುತ್ತೆ. ಫಂಕ್ಷನ್ ಒಳಗೆ ಬರೆದದ್ದನ್ನು ಓಡಿಸೋಲ್ಲ. ಅದರ ಪಾಲಿಗೆ ಅದು ಮುಂದೆಂದೋ ನಡೆಯುವ ಮಾತು.

ಈಗ ಒಂದು ಹೆಸರಿಗೆ ತಾತ್ಕಾಲಿಕವಾಗಿ ಬೆಲೆ ಕೊಡುವ ನಿಮ್ಮ ಲೆಟ್ ಸಾಲು ನೋಡಿ. ಫೈಲಿನ ಮೊದಲ ಸಾಲಿನಲ್ಲಿ ಲೆಕ್ಸಿಕಲ್-ಬೈಂಡಿಂಗ್ ಟಿ ಅಂತ ಬರೆದಿದ್ದೀರಿ ಅಂದುಕೊಳ್ಳುತ್ತೇನೆ. 2012ರ 24ನೇ ಆವೃತ್ತಿಯಲ್ಲಿ ಬಂದ ಸೌಲಭ್ಯ ಅದು, ಈಗ ಎಲ್ಲರೂ ಬರೆಯುತ್ತಾರೆ. ಅದು ಇದ್ದಾಗ, ಲೆಟ್‌ನಲ್ಲಿ ಕಟ್ಟಿದ ಹೆಸರು ಆ ಆವರಣದೊಳಗೆ ಮಾತ್ರ ಚಲಾವಣೆ. ಮಗುವನ್ನು ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೀರಿ. ಶಾಲೆಯ ಹಾಜರಿ ಪುಸ್ತಕಕ್ಕೆ ಆ ಹೆಸರು ಗೊತ್ತಿಲ್ಲ. ಹಾಗೆ. ಆದರೆ ಲೈಬ್ರರಿಯವರು ಡೆಫ್‌ವಾರ್ ಅಥವಾ ಡೆಫ್‌ಕಸ್ಟಮ್ ಹಾಕಿ ಘೋಷಿಸಿದ ವೇರಿಯಬಲ್‌ಗಳು ಬೇರೆ ಜಾತಿಯವು. ಇವನ್ನು ಸ್ಪೆಷಲ್ ವೇರಿಯಬಲ್ ಅನ್ನುತ್ತಾರೆ. ಇವಕ್ಕೆ ಲೆಟ್ ಹಾಕಿದರೆ, ಆ ಲೆಟ್ ಮುಗಿಯುವವರೆಗೆ ಕರೆದ ಫಂಕ್ಷನ್‌ಗಳಿಗೆಲ್ಲ, ಅವು ಯಾವ ಫೈಲಿನಲ್ಲೇ ಇರಲಿ, ಹೊಸ ಬೆಲೆಯೇ ಕಾಣುತ್ತೆ.

ಆರ್ಗ್-ಲೇಟೆಕ್-ಕಂಪೈಲರ್ ಈ ಎರಡನೇ ಜಾತಿಯದು. ಅದರ ಘೋಷಣೆ ಇರುವುದು ಆಕ್ಸ್-ಲೇಟೆಕ್ ಒಳಗೆ. ಕಂಪೈಲ್ ಮಾಡುವ ಹೊತ್ತಿಗೆ ಆಕ್ಸ್-ಲೇಟೆಕ್ ಲೋಡ್ ಆಗಿದ್ದರೆ ಕಂಪೈಲರ್‌ಗೆ ಅದು ಗೊತ್ತು. ಆಗಿರದಿದ್ದರೆ "ಇದ್ಯಾವುದೋ ಇವರ ಮನೆಯ ಹೆಸರು" ಅಂದುಕೊಂಡು ಲೆಟ್ ಒಳಗೇ ಮುಚ್ಚಿಡುತ್ತೆ. ಎಕ್ಸ್‌ಪೋರ್ಟ್ ಮಾಡುವ ಫಂಕ್ಷನ್ ಹೊರಗೆ ನೋಡಿದಾಗ ಅದಕ್ಕೆ ಸಿಗುವುದು ಹಳೆಯ ಬೆಲೆ, ಅಂದರೆ ಪಿಡಿಎಫ್‌ಲೇಟೆಕ್.

ಮನೆಯಲ್ಲಿ ನೀವು ಡೈರೆಡ್‌ನಿಂದ ಕಂಪೈಲ್ ಮಾಡಿದಿರಿ. ಬೆಳಗಿನಿಂದ ಆರ್ಗ್‌ನಲ್ಲಿ ಬರೆದು, ಒಂದೆರಡು ಸಲ ಪಿಡಿಎಫ್ ತೆಗೆದಿದ್ದ ಇಮ್ಯಾಕ್ಸ್ ಅದು. ಆಕ್ಸ್-ಲೇಟೆಕ್ ಆಗಲೇ ಒಳಗಿತ್ತು, ಹಾಗಾಗಿ ಕಂಪೈಲ್ ಸರಿಯಾಯಿತು. ಕೆಲಸದ ಕಡೆ ಬ್ಯಾಚ್‌ನಲ್ಲಿ ಓಡಿದ್ದು ಆಗತಾನೇ ಹುಟ್ಟಿದ ಇಮ್ಯಾಕ್ಸ್. ಅದಕ್ಕೆ ಆರ್ಗ್ ಪರಿಚಯವೇ ಇಲ್ಲ. ಮೂಲ ಒಂದೇ ಆದರೂ ಎರಡು ಯಂತ್ರಗಳಲ್ಲಿ ಹುಟ್ಟಿದ ಬೈಟ್ ಕೋಡ್ ಬೇರೆ ಬೇರೆ.

ಆ ಸ್ಕ್ರಿಪ್ಟ್ ಓಡಿದಾಗ "ಅನ್‌ಯೂಸ್ಡ್ ಲೆಕ್ಸಿಕಲ್ ವೇರಿಯಬಲ್" ಅಂತ ಒಂದು ವಾರ್ನಿಂಗ್ ಬಂದಿರಲೇಬೇಕು. ದಯವಿಟ್ಟು ನೋಡಿ ಹೇಳಿ.

ನುಡಿಕೂಲಿ

ಸರ್, ಇದೆ! ಆ ಸಾಲು ಅಕ್ಷರಶಃ ಹಾಗೇ ಇದೆ. ಅದರ ಕೆಳಗೆ "ಆರ್ಗ್-ಲೇಟೆಕ್-ಎಕ್ಸ್‌ಪೋರ್ಟ್-ಟು-ಪಿಡಿಎಫ್ ಎಂಬ ಫಂಕ್ಷನ್ ಇದೆಯೋ ಇಲ್ಲವೋ ಗೊತ್ತಿಲ್ಲ" ಅನ್ನುವ ಅರ್ಥದ ಇನ್ನೊಂದು ವಾರ್ನಿಂಗ್. ಹಳದಿ ಬಣ್ಣದಲ್ಲಿ ಬರುವುದೆಲ್ಲ ಪರವಾಗಿಲ್ಲ ಅಂದುಕೊಂಡು ಇಷ್ಟು ದಿನ ಓದದೇ ಬಿಟ್ಟಿದ್ದೆ.

ಎರಡು ದಿನ ಫಾಂಟ್ ಕೈಕೊಟ್ಟಿದೆ ಅಂತ ಫಾಂಟುಗಳನ್ನೇ ತೆಗೆದು ಹಾಕಿ ಮಾಡುತ್ತಿದ್ದೆ. ರಿಕ್ವೈರ್ ಸಾಲನ್ನು ಲೆಟ್‌ಗಿಂತ ಮೇಲೆ ಹಾಕಿದರೆ ಸಾಕಾ?

ಹಳೇ ಕೀಲಿ

ಮೇಲೆ ಹಾಕಿ, ಆದರೆ ಅಷ್ಟೇ ಸಾಲದು. ಮೇಲೆ ಹಾಕಿದರೂ ಅದು ಫಂಕ್ಷನ್ ಒಳಗೇ ತಾನೇ ಇರುವುದು. ಕಂಪೈಲರ್ ಅದನ್ನು ಓಡಿಸೋಲ್ಲ. ಕಂಪೈಲ್ ಮಾಡದೆ ಹಾಗೇ ಬಳಸುವ ಫೈಲಾದರೆ ಅಷ್ಟಕ್ಕೇ ಸರಿಹೋಗುತ್ತೆ, ನಿಮ್ಮದು ಹಾಗಲ್ಲ.

ಫಂಕ್ಷನ್ ಹೊರಗೆ, ಫೈಲಿನ ಮೇಲ್ಭಾಗದಲ್ಲಿ, ಬೆಲೆ ಕೊಡದೆ ಬರೀ ಹೆಸರು ಹಾಕಿ ಒಂದು ಡೆಫ್‌ವಾರ್ ಬರೆಯಿರಿ:

(ಡೆಫ್‌ವಾರ್ ಆರ್ಗ್-ಲೇಟೆಕ್-ಕಂಪೈಲರ್)

ಇದು ವೇರಿಯಬಲ್ ಸೃಷ್ಟಿ ಮಾಡೋಲ್ಲ, ಬೆಲೆಯನ್ನೂ ಮುಟ್ಟೋಲ್ಲ. "ಈ ಫೈಲಿನ ಮಟ್ಟಿಗೆ ಈ ಹೆಸರು ಸ್ಪೆಷಲ್, ಬೇರೆ ಕಡೆ ಘೋಷಣೆ ಆಗಿದೆ" ಅಂತ ಕಂಪೈಲರ್‌ಗೆ ಹೇಳುತ್ತೆ, ಅಷ್ಟೇ. ಫಂಕ್ಷನ್‌ಗೆ ಇದೇ ಕೆಲಸ ಮಾಡುವುದು ಡಿಕ್ಲೇರ್-ಫಂಕ್ಷನ್. ಅದಕ್ಕೆ ಫಂಕ್ಷನ್ ಹೆಸರು, ಅದಿರುವ ಫೈಲಿನ ಹೆಸರು ಕೊಟ್ಟರೆ ಎರಡನೇ ವಾರ್ನಿಂಗ್ ಹೋಗುತ್ತೆ. ಫಂಕ್ಷನ್‌ನ ವಾರ್ನಿಂಗ್ ಇದ್ದರೂ ಕೋಡ್ ಓಡುತ್ತೆ. ವೇರಿಯಬಲ್‌ನ ವಾರ್ನಿಂಗ್ ಇದ್ದರೆ ಅಡ್ಡದಾರಿ ಹಿಡಿಯುತ್ತೆ. ಎರಡೂ ಒಂದೇ ಹಳದಿ ಬಣ್ಣದಲ್ಲಿ ಬರುವುದು ನನಗೂ ಸರಿ ಕಾಣೋಲ್ಲ.

ಇನ್ನೊಂದು ಮಾತು. ನಿಮ್ಮ ಈ ಒಂದು ಕೆಲಸಕ್ಕೆ ಲೆಟ್ ಕೂಡ ಬೇಕಿಲ್ಲ. ಆರ್ಗ್ ಫೈಲಿನ ತಲೆಯಲ್ಲೇ ಲೇಟೆಕ್_ಕಂಪೈಲರ್ ಎಂಬ ಸಾಲಿನಲ್ಲಿ ಝೀಲೇಟೆಕ್ ಅಂತ ಬರೆದರೆ ಆ ಫೈಲಿಗೆ ಅದೇ ಅನ್ವಯ. ಆದರೂ ಡೆಫ್‌ವಾರ್ ವಿಷಯ ಕಲಿತಿಟ್ಟುಕೊಳ್ಳಿ, ಮುಂದೆ ಬೇರೆ ಲೈಬ್ರರಿಯಲ್ಲೂ ಇದೇ ಎದುರಾಗುತ್ತೆ.

ಅಡಿಕೆತೋಟ

ಹಳೇ ಕೀಲಿಯವರು ಮ್ಯಾಕ್ರೋ ಅಂತ ಒಂದು ಮಾತು ಹೇಳಿ ಮುಂದೆ ಹೋದರು. ಅದರಲ್ಲಿ ನಾನು ಬಿದ್ದು ಎದ್ದಿದ್ದೇನೆ, ಹಾಗಾಗಿ ಬರೆಯುತ್ತೇನೆ.

ಇಮ್ಯಾಕ್ಸ್‌ನಲ್ಲಿ ಕನ್ನಡಕ್ಕೆ ಕನ್ನಡ-ಐಟ್ರಾನ್ಸ್, ಕನ್ನಡ-ಇನ್‌ಸ್ಕ್ರಿಪ್ಟ್ ಎಂಬ ಇನ್‌ಪುಟ್ ಮೆಥಡ್‌ಗಳು (ಟೈಪ್ ಮಾಡುವ ವಿಧಾನಗಳು) ಜೊತೆಗೇ ಬರುತ್ತವೆ. ಐಟ್ರಾನ್ಸ್‌ನಲ್ಲಿ ಒಂದಷ್ಟು ಅಕ್ಷರಕ್ಕೆ ನನ್ನ ಕೈ ಒಗ್ಗಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನಿಗೂ ತೋಟದ ಲೆಕ್ಕ ಬರೆಯಲು ಬೇಕಿತ್ತು, ಅವರಿಗೆ ಇನ್ನೂ ಸುಲಭದ್ದು ಬೇಕು. ಹಾಗಾಗಿ ನಾನೇ ಒಂದು ಮೆಥಡ್ ಬರೆದೆ. ಇದಕ್ಕೆ ಕ್ವೇಲ್ ಎಂಬ ಲೈಬ್ರರಿ ಬೇಕು. ಶುರುವಿನಲ್ಲೇ ಲೋಡ್ ಆಗುವುದು ಬೇಡ ಅಂತ, ಒಂದು ಫಂಕ್ಷನ್ ಮಾಡಿ, ಅದರ ಒಳಗೆ ಕ್ವೇಲ್‌ನ ರಿಕ್ವೈರ್, ಅದರ ಕೆಳಗೆ ಕ್ವೇಲ್-ಡಿಫೈನ್-ರೂಲ್ಸ್ ಹಾಕಿ, ಒಳಗೆ ಜೋಡಿಗಳನ್ನು ಬರೆದೆ. ಪ್ರತಿ ಜೋಡಿಯಲ್ಲೂ ಒಂದು ಕಡೆ ಒತ್ತುವ ಕೀಗಳು, ಇನ್ನೊಂದು ಕಡೆ ಬರಬೇಕಾದ ಕನ್ನಡ ಅಕ್ಷರ.

ಕಂಪೈಲ್ ಮಾಡದೆ ಇದ್ದಾಗ ಚೆನ್ನಾಗಿ ನಡೆಯಿತು. ಕಂಪೈಲ್ ಮಾಡಿದ ದಿನ "ಇನ್‌ವ್ಯಾಲಿಡ್ ಫಂಕ್ಷನ್" ಅಂತ ಎರರ್. ಯಾವ ಫಂಕ್ಷನ್ ಅಂತ ನೋಡಿದರೆ ನಾನು ಬರೆದ ಮೊದಲ ಜೋಡಿಯ ಕೀ ಅಕ್ಷರಗಳನ್ನೇ ತೋರಿಸುತ್ತಿದೆ! ಅದು ಫಂಕ್ಷನ್ ಹೇಗಾಗುತ್ತದೆ ಅಂತ ಅರ್ಧ ರಾತ್ರಿ ಕೂತಿದ್ದೆ.

ಕಾರಣ ಇಷ್ಟು. ಕ್ವೇಲ್-ಡಿಫೈನ್-ರೂಲ್ಸ್ ಒಂದು ಮ್ಯಾಕ್ರೋ. ಅದರ ಒಳಗಿನ ಜೋಡಿಗಳನ್ನು ಓಡಿಸಬಾರದು, ಹಾಗೇ ಎತ್ತಿಕೊಳ್ಳಬೇಕು. ಮ್ಯಾಕ್ರೋ ಅಂತ ಕಂಪೈಲರ್‌ಗೆ ಗೊತ್ತಿಲ್ಲದಿದ್ದರೆ ಅದನ್ನು ಸಾಧಾರಣ ಫಂಕ್ಷನ್ ಅಂದುಕೊಳ್ಳುತ್ತದೆ, ಒಳಗಿನ ಪ್ರತಿ ಆವರಣವೂ ಒಂದೊಂದು ಫಂಕ್ಷನ್ ಕರೆ ಅಂದುಕೊಳ್ಳುತ್ತದೆ. ಕಂಪೈಲ್ ಮಾಡದ ಕೋಡಿನಲ್ಲಿ ಮ್ಯಾಕ್ರೋ ಬಿಡಿಸುವುದು ಓಡುವ ಹೊತ್ತಿನಲ್ಲಿ, ಅಷ್ಟರಲ್ಲಿ ರಿಕ್ವೈರ್ ಮುಗಿದಿರುತ್ತದೆ, ಹಾಗಾಗಿ ಅಲ್ಲಿ ಸರಿ.

ಇದಕ್ಕೆ ಡಿಕ್ಲೇರ್-ಫಂಕ್ಷನ್ ಹಾಕಿ ಪ್ರಯೋಜನ ಇಲ್ಲ. ಫೈಲಿನ ಮೇಲೆ ಇವ್ಯಾಲ್-ವೆನ್-ಕಂಪೈಲ್ ಒಳಗೆ ರಿಕ್ವೈರ್ ಬರೆದೆ. ಕಂಪೈಲ್ ಮಾಡುವಾಗ ಮಾತ್ರ ಕ್ವೇಲ್ ಲೋಡ್ ಆಗುತ್ತದೆ, ದಿನವೂ ಇಮ್ಯಾಕ್ಸ್ ತೆರೆಯುವಾಗ ಆಗುವುದಿಲ್ಲ. ಫಂಕ್ಷನ್ ಒಳಗಿನ ರಿಕ್ವೈರನ್ನು ಹಾಗೇ ಇಟ್ಟುಕೊಂಡೆ, ಯಾಕೆಂದರೆ ಆ ಮ್ಯಾಕ್ರೋ ಬಿಡಿಸಿದ ಮೇಲೆ ಕರೆಯುವ ಕ್ವೇಲ್‌ನ ಫಂಕ್ಷನ್‌ಗಳು ಓಡುವಾಗ ಬೇಕಲ್ಲ.

ಇದರ ಜೊತೆಗೆ ಇನ್ನೊಂದು ವಿಷಯ ಕಂಡುಕೊಂಡೆ, ನನಗೆ ಬಹಳ ಇಷ್ಟವಾಯಿತು. ಇಮ್ಯಾಕ್ಸ್ ತನ್ನ ಇನ್‌ಪುಟ್ ಮೆಥಡ್‌ಗಳಿಗೆ ಮಾಡಿರುವುದೂ ಇದನ್ನೇ. ಲೀಮ್-ಲಿಸ್ಟ್ ಎಂಬ ಫೈಲಿನಲ್ಲಿ ಪ್ರತಿ ಮೆಥಡ್‌ಗೂ ಒಂದು ನೋಂದಣಿ ಇದೆ. ಕನ್ನಡ-ಐಟ್ರಾನ್ಸ್‌ನ ಸಾಲಿನಲ್ಲಿ ಮೆಥಡ್‌ನ ಹೆಸರು, ಭಾಷೆ, ಮೋಡ್ ಲೈನ್‌ನಲ್ಲಿ ತೋರಿಸುವ ಸಣ್ಣ ಗುರುತು, ಜೊತೆಗೆ ಕೋಡ್ ಇರುವ ಫೈಲ್ ಕ್ವೇಲ್ ಫೋಲ್ಡರಿನ ಇಂಡಿಯನ್ ಅಂತ ಇರುತ್ತದೆ. ಡೀಫಾಲ್ಟ್-ಇನ್‌ಪುಟ್-ಮೆಥಡ್‌ಗೆ ಹೆಸರು ಕೊಟ್ಟಿಟ್ಟರೂ ಏನೂ ಲೋಡ್ ಆಗುವುದಿಲ್ಲ. ಕಂಟ್ರೋಲ್ ಜೊತೆ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಒತ್ತಿದ ಮೊದಲ ಸಲ ಮಾತ್ರ ಒಂದು ಚಿಕ್ಕ ತಡೆ ಆಗುತ್ತದಲ್ಲ, ಆಗ ನಮ್ಮ ಅಕ್ಷರಗಳ ಕೋಷ್ಟಕ ಒಳಗೆ ಬರುತ್ತಿರುತ್ತದೆ.

ನುಡಿಕೂಲಿ

ಆ ಚಿಕ್ಕ ತಡೆಯನ್ನು ಆರು ವರ್ಷದಿಂದ ದಿನಾ ಬೆಳಗ್ಗೆ ನೋಡುತ್ತಿದ್ದೇನೆ! ಅದೇನು ಅಂತ ಇವತ್ತು ಗೊತ್ತಾಯಿತು. ಹಾಗಾದರೆ ನನ್ನ ಇನಿಟ್ ಫೈಲಿನಲ್ಲಿ ಕ್ವೇಲ್‌ಗೆ ರಿಕ್ವೈರ್ ಬೇಕಿಲ್ಲ ಅಂತಾಯಿತು. ತೆಗೆಯುತ್ತೇನೆ.

ಸಂಜೆಪಾಳಿ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಹೇಳಲೇಬೇಕು.

ರಿಕ್ವೈರ್ ಮೇಲೆ ಇದ್ದರೆ, ಲೈಬ್ರರಿ ಇಲ್ಲದಿದ್ದಾಗ ಇಮ್ಯಾಕ್ಸ್ ತೆರೆದ ಕ್ಷಣವೇ ಗೊತ್ತಾಗುತ್ತೆ. ಫಂಕ್ಷನ್ ಒಳಗೆ ಇದ್ದರೆ ಆ ಫಂಕ್ಷನ್ ಬೇಕಾದ ದಿನ ಗೊತ್ತಾಗುತ್ತೆ. ಆ ದಿನ ಯಾವುದಾಗಿರುತ್ತೆ ಅನ್ನೋದು ನಮ್ಮ ಕೈಲಿಲ್ಲ.

ನಾನು ಒಂದು ಸಂಸ್ಥೆಗೆ ದಾಖಲೆ ಬರೆಯುತ್ತಿದ್ದೆ. ರಾತ್ರಿ ಹನ್ನೆರಡಕ್ಕೆ ವರದಿ ಕಳಿಸಬೇಕು. ಹೊಸ ಲ್ಯಾಪ್‌ಟಾಪ್ ಕೊಟ್ಟು ಮೂರು ವಾರ ಆಗಿತ್ತು, ಎಲ್ಲವೂ ಚೆನ್ನಾಗಿ ನಡೆದಿತ್ತು. ಹನ್ನೊಂದೂಮುಕ್ಕಾಲಿಗೆ ಎಕ್ಸ್‌ಪೋರ್ಟ್ ಕೀ ಒತ್ತಿದರೆ "ಕೆನಾಟ್ ಓಪನ್ ಲೋಡ್ ಫೈಲ್". ಆ ಒಂದು ಪ್ಯಾಕೇಜ್ ಹೊಸ ಯಂತ್ರದಲ್ಲಿ ಇನ್‌ಸ್ಟಾಲೇ ಆಗಿರಲಿಲ್ಲ. ಅಲ್ಲಿನ ನೆಟ್‌ವರ್ಕ್‌ನಲ್ಲಿ ಹೊರಗಿನ ಪ್ಯಾಕೇಜ್ ಇಳಿಸಿಕೊಳ್ಳೋಕೆ ಅನುಮತಿಯೂ ಇರಲಿಲ್ಲ. ವರದಿಯನ್ನು ಬರೀ ಟೆಕ್ಸ್ಟ್ ಆಗಿ ಕಳಿಸಿದೆ, ಬೆಳಗ್ಗೆ ಮಾತು ಕೇಳಿದೆ. ಮೂರು ವಾರ ಮೊದಲೇ ಆ ಎರರ್ ಬಂದಿದ್ದರೆ ಹತ್ತು ನಿಮಿಷದ ಕೆಲಸ.

ಅಂದಿನಿಂದ ನನ್ನ ರಿಕ್ವೈರ್ ಎಲ್ಲಾ ಮೇಲೇ. ಸಮಯ ಉಳಿಸಬೇಕಾದರೆ ಡೀಮನ್ ಇದೆ. 2009ರ 23ನೇ ಆವೃತ್ತಿಯಿಂದ ಇದೆ. ಲಾಗಿನ್ ಆದಾಗ ಇಮ್ಯಾಕ್ಸ್ ಹಿಂದುಗಡೆ ಒಮ್ಮೆ ಎದ್ದು ಕೂರುತ್ತೆ, ಆಮೇಲೆ ಇಮ್ಯಾಕ್ಸ್‌ಕ್ಲೈಂಟ್ ಕೊಟ್ಟರೆ ಕಿಟಕಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತೆ. ಏಳು ಸೆಕೆಂಡ್ ಹಿಡಿದರೂ ದಿನಕ್ಕೆ ಒಂದೇ ಸಲ, ಅದೂ ನಾನು ಚಹಾ ಮಾಡಿಕೊಳ್ಳುವಾಗ.

ಹಳೇ ಕೀಲಿ

ಸಂಜೆಪಾಳಿಯವರು ಹೇಳಿದ್ದು ನಿಜವಾದ ಕಷ್ಟ, ಅಲ್ಲಗಳೆಯೋಲ್ಲ. ಡೀಮನ್ ನಾನೂ ಬಳಸುತ್ತೇನೆ. ಆದರೆ ರಿಕ್ವೈರ್ ಮೇಲೆ ಇದ್ದಾಗಲೂ ಒಂದು ಬೆಲೆ ತೆರುತ್ತೀರಿ. ಮೂವತ್ತರಲ್ಲಿ ನಾಲ್ಕನೆಯದು ಸಿಗದಿದ್ದರೆ ಇನಿಟ್ ಫೈಲ್ ಅಲ್ಲೇ ನಿಂತುಬಿಡುತ್ತೆ. ಉಳಿದ ಇಪ್ಪತ್ತಾರು, ನಿಮ್ಮ ಕೀಗಳು, ನಿಮ್ಮ ಫಾಂಟು, ಕನ್ನಡ ಇನ್‌ಪುಟ್ ಯಾವುದೂ ಬರೋಲ್ಲ. ಪಿಡಿಎಫ್ ತೆಗೆಯೋ ಒಂದು ಪ್ಯಾಕೇಜ್ ಇಲ್ಲದ್ದಕ್ಕೆ ಅಕ್ಷರ ಬರೆಯೋಕೂ ಆಗದ ಹಾಗೆ ಕೂರಬೇಕಾಗುತ್ತೆ.

ಎರಡನ್ನೂ ಸರಿದೂಗಿಸಬಹುದು. ರಿಕ್ವೈರ್‌ಗೆ ಮೂರನೇ ಆರ್ಗ್ಯುಮೆಂಟ್ ಆಗಿ ಟಿ ಕೊಟ್ಟರೆ, ಫೈಲ್ ಸಿಗದಿದ್ದಾಗ ಎರರ್ ಬದಲು ನಿಲ್ ಬರುತ್ತೆ. ಆಗ ಯೂಸರ್-ಎರರ್ ಕೊಟ್ಟು ಸ್ಪಷ್ಟವಾಗಿ ಏನಿಲ್ಲ ಅಂತ ಹೇಳಿಸಿ. ಮುಂಚೆಯೇ ತಿಳಿಯಬೇಕಾದರೆ ಬೇಕಾದ ಲೈಬ್ರರಿಗಳ ಹೆಸರಿನ ಮೇಲೆ ಲೊಕೇಟ್-ಲೈಬ್ರರಿ ಓಡಿಸುವ ಒಂದು ಸಣ್ಣ ಕಮಾಂಡ್ ಬರೆದಿಟ್ಟುಕೊಳ್ಳಿ. ಅದು ಫೈಲ್ ಎಲ್ಲಿದೆ ಅಂತ ಮಾತ್ರ ನೋಡುತ್ತೆ, ಲೋಡ್ ಮಾಡೋಲ್ಲ. ಹೊಸ ಯಂತ್ರಕ್ಕೆ ಹೋದ ದಿನ ಒಮ್ಮೆ ಓಡಿಸಿದರೆ ಸಾಕು.

ಸಂಜೆಪಾಳಿ

ಲೊಕೇಟ್-ಲೈಬ್ರರಿ ನನಗೆ ಹೊಳೆದಿರಲಿಲ್ಲ. ಇವತ್ತೇ ಬರೆದುಕೊಳ್ಳುತ್ತೇನೆ. ರಿಕ್ವೈರ್ ಮಾತ್ರ ಮೇಲೇ ಇರಲಿ, ನನಗೆ ಅದೇ ನೆಮ್ಮದಿ.

ಬೆಳವಲದವ

ಡೈರೆಡ್ ಬಗ್ಗೆ ಹೇಳೋದು ಉಳೀತು. ಅಕ್ಕಾರ, ನೀವು ಡೈರೆಡ್‌ಗೆ ರಿಕ್ವೈರ್ ಹಾಕಿದ್ದು ಯಾಕ ಅಂತ ನಾ ಹೇಳ್ತೀನಿ, ತಪ್ಪಿದ್ರ ತಿದ್ರಿ. ಡೈರೆಡ್-ಮೋಡ್-ಮ್ಯಾಪ್‌ಗೆ ನಿಮ್ಮ ಒಂದು ಕೀ ಸೇರಿಸಾಕ ಹೋದ್ರಿ. "ವೇರಿಯಬಲ್ ಈಸ್ ವಾಯ್ಡ್" ಅಂತು. ಯಾರೋ ರಿಕ್ವೈರ್ ಹಾಕ್ರಿ ಅಂದ್ರು. ಹಾಕಿದ್ರಿ, ಹೋಯ್ತು.

ಇದಕ್ಕ ಫಂಕ್ಷನ್ ಒಳಗಿನ ರಿಕ್ವೈರ್ ಬ್ಯಾಡ, ಹೊರಗಿಂದೂ ಬ್ಯಾಡ. ವಿತ್-ಇವ್ಯಾಲ್-ಆಫ್ಟರ್-ಲೋಡ್ ಅಂತೈತಿ, 2014ರ 24.4ರಾಗ ಬಂತು:

(ವಿತ್-ಇವ್ಯಾಲ್-ಆಫ್ಟರ್-ಲೋಡ್ 'ಡೈರೆಡ್
  (ರಿಕ್ವೈರ್ 'ಡೈರೆಡ್-ಎಕ್ಸ್)
  (ಡಿಫೈನ್-ಕೀ ಡೈರೆಡ್-ಮೋಡ್-ಮ್ಯಾಪ್ ...))

ಭಾಳ ಮಂದಿ ಇದನ್ನ ತಪ್ಪು ತಿಳ್ಕೋತಾರ. ಇದು ಡೈರೆಡ್ ಅನ್ನ ಲೋಡ್ ಮಾಡಂಗಿಲ್ರಿ. ಡೈರೆಡ್ ಬರೋತನಕ ಕಾಯ್ಕೊಂತ ಕುಂದ್ರತೈತಿ. ಬಂದ್ ಮ್ಯಾಲ ಒಳಗಿಂದನ್ನ ಓಡಿಸ್ತೈತಿ. ಮೊದ್ಲ ಬಂದಿದ್ರ ಆಗಿಂದಾಗ್ಲೇ ಓಡಿಸ್ತೈತಿ. ನಿಮ್ಮ ಸ್ವಂತ ಇನಿಟ್ ಫೈಲಿನಾಗ ಇದು ಛಲೋ. ಇನ್ನೊಬ್ಬರಿಗೆ ಕೊಡೋ ಪ್ಯಾಕೇಜ್ ಬರೀತಿದ್ರ ಬ್ಯಾಡ್ರಿ. ಇಮ್ಯಾಕ್ಸ್ ಲಿಸ್ಪ್ ಕೈಪಿಡಿನೂ ಅದನ್ನ ಬ್ಯಾಡ ಅಂತೈತಿ. ನಿಮ್ಮ ಪ್ಯಾಕೇಜ್ ಹಾಕ್ಕೊಂಡಾವ್ರ ಡೈರೆಡ್ ಹೆಂಗ ನಡೀಬೇಕು ಅನ್ನೋದು ಅವರ ಮರ್ಜಿ.

ಕಡಲಮಗ್ಗುಲು

ಯೂಸ್-ಪ್ಯಾಕೇಜ್ ಎಂಬ ಮ್ಯಾಕ್ರೋ ಹಾಕಿದರೆ ಇದೆಲ್ಲ ತಾನಾಗಿ ಆಗ್ತದೆ ಅಂತ ನನ್ನ ಗೆಳೆಯ ಹೇಳ್ತಾನೆ. ಹೌದಾ?

ಅಡಿಕೆತೋಟ

ಬಹುಪಾಲು ಹೌದು. 2023ರ 29ನೇ ಆವೃತ್ತಿಯಿಂದ ಇಮ್ಯಾಕ್ಸ್ ಜೊತೆಗೇ ಬರುತ್ತದೆ. ಕಮಾಂಡ್ಸ್, ಬೈಂಡ್, ಹುಕ್ ಬರೆದರೆ ಅದೇ ಆಟೋಲೋಡ್ ಮಾಡಿಕೊಡುತ್ತದೆ, ಕಾನ್ಫಿಗ್ ಅಡಿಯಲ್ಲಿ ಬರೆದದ್ದು ಲೋಡ್ ಆದ ಮೇಲೆ ಓಡುತ್ತದೆ. ಡಿಫರ್ ಮುಂದೆ 5 ಅಂತ ಬರೆದರೆ ಐದು ಸೆಕೆಂಡ್ ನಾವು ಸುಮ್ಮನಿದ್ದಾಗ ಹಿಂದುಗಡೆ ಲೋಡ್ ಮಾಡಿಕೊಳ್ಳುತ್ತದೆ. ಆದರೆ ನಾವೇ ಬರೆಯುವ ಫಂಕ್ಷನ್‌ನಲ್ಲಿ ಬೇರೆ ಲೈಬ್ರರಿಯ ವೇರಿಯಬಲ್‌ಗೆ ಲೆಟ್ ಹಾಕಿದರೆ ನುಡಿಕೂಲಿಯವರ ಸಮಸ್ಯೆ ಅಲ್ಲೂ ಬರುತ್ತದೆ.

ಇನಿಟ್ ಫೈಲನ್ನು ನಾಲ್ಕೈದು ಫೈಲಾಗಿ ಒಡೆದವರು ಇಲ್ಲಿದ್ದರೆ ಒಂದು ಮಾತು: ಒಂದು ಫೈಲ್ ಎರಡನೆಯದನ್ನು ಕರೆದು, ಎರಡನೆಯದು ಮತ್ತೆ ಮೊದಲನೆಯದನ್ನು ಕರೆದರೆ "ರಿಕರ್ಸಿವ್ ರಿಕ್ವೈರ್" ಎಂಬ ಎರರ್ ಬರುತ್ತದೆ. ಪ್ರೊವೈಡ್ ಇರುವುದು ಫೈಲಿನ ಕೊನೆಯಲ್ಲಿ, ಅಲ್ಲಿಗೆ ಇಬ್ಬರೂ ತಲುಪುವುದಿಲ್ಲ. ಅಲ್ಲಿ ಒಂದು ಕಡೆಯ ರಿಕ್ವೈರನ್ನು ಫಂಕ್ಷನ್ ಒಳಗೆ ಇಟ್ಟರೆ ಗಂಟು ಬಿಚ್ಚುತ್ತದೆ.

ಹಳೇ ಕೀಲಿ

ಒಂದು ಜಾಗ ಮಾತ್ರ ಬಿಟ್ಟುಬಿಡಿ. ಪ್ರತಿ ಕಮಾಂಡ್ ಆದ ಮೇಲೂ ಓಡುವ ಪೋಸ್ಟ್-ಕಮಾಂಡ್-ಹುಕ್ ಎಂಬ ಪಟ್ಟಿಗೆ ಸೇರಿಸುವ ಫಂಕ್ಷನ್ ಒಳಗೆ ರಿಕ್ವೈರ್ ಬರೆಯಬೇಡಿ. ಆ ಹುಕ್‌ನಲ್ಲಿ ಯಾವ ಫಂಕ್ಷನ್ ಎರರ್ ಕೊಟ್ಟರೂ ಇಮ್ಯಾಕ್ಸ್ ಅದನ್ನು ಪಟ್ಟಿಯಿಂದ ತೆಗೆದುಹಾಕುತ್ತೆ. ಲೈಬ್ರರಿ ಸಿಗದ ಎರರ್ ಒಮ್ಮೆ ಕೆಳಗೆ ಮಿಂಚಿ ಮಾಯವಾಗುತ್ತೆ, ಆಮೇಲೆ ನಿಮ್ಮ ಫಂಕ್ಷನ್ ಯಾಕೆ ಓಡುತ್ತಿಲ್ಲ ಅಂತ ಹುಡುಕುತ್ತಾ ಕೂರಬೇಕು.

ನುಡಿಕೂಲಿ

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ಭಾನುವಾರ ಪೂರ್ತಿ ಇದರಲ್ಲೇ ಹೋಯಿತು, ಬೇಸರ ಇಲ್ಲ.

@ಬೆಳವಲದವ, ಡೈರೆಡ್ ವಿಷಯ ನೀವು ಹೇಳಿದ್ದು ಅಕ್ಷರ ಅಕ್ಷರ ನಿಜ. ವಾಯ್ಡ್ ಅಂತ ಬಂದದ್ದಕ್ಕೇ ಹಾಕಿದ್ದೆ. ಮೂವತ್ತರಲ್ಲಿ ಹತ್ತೊಂಬತ್ತು ತೆಗೆದೆ, ಆರು ವಿತ್-ಇವ್ಯಾಲ್-ಆಫ್ಟರ್-ಲೋಡ್ ಒಳಗೆ ಹೋದವು, ನಾಲ್ಕು ಫಂಕ್ಷನ್ ಒಳಗೆ ಉಳಿದವು. ಸಿಎಲ್-ಲಿಬ್ ಮೇಲೆಯೇ ಇದೆ, ಅದರ ಮ್ಯಾಕ್ರೋಗಳನ್ನು ಎಲ್ಲೆಲ್ಲೂ ಬಳಸಿದ್ದೇನೆ ಅಂತ ಈಗ ಗೊತ್ತಾಯಿತು. ಇಮ್ಯಾಕ್ಸ್-ಇನಿಟ್-ಟೈಮ್ ಕೊಟ್ಟರೆ ಈಗ 1.4 ಸೆಕೆಂಡ್ ತೋರಿಸುತ್ತಿದೆ.

ಫಂಕ್ಷನ್ ಈಗ ಹೀಗಿದೆ:

(ಡೆಫ್‌ವಾರ್ ಆರ್ಗ್-ಲೇಟೆಕ್-ಕಂಪೈಲರ್)
(ಡಿಕ್ಲೇರ್-ಫಂಕ್ಷನ್ ಆರ್ಗ್-ಲೇಟೆಕ್-ಎಕ್ಸ್‌ಪೋರ್ಟ್-ಟು-ಪಿಡಿಎಫ್ "ಆಕ್ಸ್-ಲೇಟೆಕ್")

(ಡಿಫನ್ ಕನ್ನಡ-ಪಿಡಿಎಫ್ ()
  (ಇಂಟರ್‌ಆಕ್ಟಿವ್)
  (ಅನ್‌ಲೆಸ್ (ರಿಕ್ವೈರ್ 'ಆಕ್ಸ್-ಲೇಟೆಕ್ ನಿಲ್ ಟಿ)
    (ಯೂಸರ್-ಎರರ್ "ಆಕ್ಸ್-ಲೇಟೆಕ್ ಸಿಗುತ್ತಿಲ್ಲ, ಆರ್ಗ್ ಇನ್‌ಸ್ಟಾಲ್ ಆಗಿದೆಯಾ ನೋಡಿ"))
  (ಲೆಟ್ ((ಆರ್ಗ್-ಲೇಟೆಕ್-ಕಂಪೈಲರ್ "ಝೀಲೇಟೆಕ್"))
    (ಆರ್ಗ್-ಲೇಟೆಕ್-ಎಕ್ಸ್‌ಪೋರ್ಟ್-ಟು-ಪಿಡಿಎಫ್)))

ಇಂದು ಬೆಳಗ್ಗೆ ಕೆಲಸದ ಡೆಸ್ಕ್‌ಟಾಪಿನಲ್ಲಿ ಹಳೇ ಕಂಪೈಲ್ ಆದ ಫೈಲ್ ಅಳಿಸಿ, ಅದೇ ಸ್ಕ್ರಿಪ್ಟನ್ನು ಮತ್ತೆ ಓಡಿಸಿದೆ. ಒಂದು ವಾರ್ನಿಂಗೂ ಇಲ್ಲ. ಇಮ್ಯಾಕ್ಸ್ ಮುಚ್ಚಿ ತೆರೆದು, ಬೇರೇನೂ ಮುಟ್ಟದೆ ನೇರ ಕರಡು ತೆರೆದು ಫಂಕ್ಷನ್ ಕರೆದೆ. ಪಿಡಿಎಫ್ ಬಂತು. ಮೊದಲ ಪುಟದ ಶೀರ್ಷಿಕೆಯಲ್ಲಿದ್ದ 'ಕ'ದ ಒತ್ತಕ್ಷರವೂ ಜಾಗದಲ್ಲೇ ಕೂತಿದೆ.

ಹಳೇ ಕೀಲಿ

ಬಹಳ ಸಂತೋಷ. ಮನೆಯ ಲ್ಯಾಪ್‌ಟಾಪಿನಲ್ಲೂ ಹಳೆಯದನ್ನು ಅಳಿಸಿ ಅದೇ ಸ್ಕ್ರಿಪ್ಟ್‌ನಿಂದಲೇ ಕಂಪೈಲ್ ಮಾಡಿಬಿಡಿ ಮೇಡಂ. ಅಲ್ಲಿ ಸದ್ಯ ಓಡುತ್ತಿರುವುದು ಆವತ್ತಿನ ಬೈಟ್ ಕೋಡ್.

ನುಡಿಕೂಲಿ

ಸಂಜೆ ಮನೆಗೆ ಹೋದ ಕೂಡಲೇ ಮಾಡುತ್ತೇನೆ ಸರ್. ಸ್ಕ್ರಿಪ್ಟ್ ಪೆನ್‌ಡ್ರೈವ್‌ಗೆ ಹಾಕಿಕೊಂಡೆ.